ಮಲ್ಲಿಗೆ ನಿಲ್ಲುವ ಕೂದಲು

ಮೊನ್ನೆ ಕುವೈತಿನ ನಮ್ಮ ಕಾಲೇಜಿನ ವಿದ್ಯಾರ್ಥಿ ಸಂಘಗಳ ಆಫೀಸಿನ ಮುಂದೆ ಹಾದುಹೋಗುವಾಗ ಕಾಲು ತಾನಾಗಿ ನಿಂತಿತು. ಒಳಗೆ ಹೊಸಬಳೊಬ್ಬಳು ಕಂಪ್ಯೂಟರಿಗೆ ಕಣ್ಣು ನೆಟ್ಟು ಕೂತಿದ್ದಳು. ಪಾಪ, ಒಳ್ಳೆಯ ಹುಡುಗಿಯೇ. ಆದರೆ ಆ ಕೋಣೆ ಇಷ್ಟು ಸುಮ್ಮನಿದ್ದದ್ದನ್ನು ನಾನು ಎಂದೂ ನೋಡಿರಲಿಲ್ಲ. ಇಷ್ಟು ವರ್ಷ ಅಲ್ಲಿಂದ ಹೊರಟ ನಗು ಎರಡು ಬಾಗಿಲು ದಾಟಿ ನನ್ನ ಲೈಬ್ರರಿಗೆ ನುಗ್ಗುತ್ತಿತ್ತು. ಓದುತ್ತಿದ್ದ ಹುಡುಗಿಯರು ತಲೆಯೆತ್ತಿ ನನ್ನನ್ನು ನೋಡುತ್ತಿದ್ದರು. 'ಸೈಲೆನ್ಸ್' ಎಂಬ ಬೋರ್ಡಿನ ಕೆಳಗೆ ಕೂತ ನಾನು, ನಗುತ್ತಿರುವವರು ನನ್ನ ಸ್ನೇಹಿತೆಯಲ್ಲ ಎಂಬಂತೆ ಕನ್ನಡಕ ಒರೆಸಿಕೊಳ್ಳುತ್ತಿದ್ದೆ.

ಆ ಆಫೀಸು ನೋಡಿಕೊಳ್ಳುತ್ತಿದ್ದ ಅಕ್ಕ ನಿವೃತ್ತರಾಗಿ ಊರಿಗೆ ಹೋದರು. ಕಾಲೇಜಿಗೆಲ್ಲ ಅವರು ಅಕ್ಕ. ಈಜಿಪ್ಟಿನ ಗಣಿತದ ಪ್ರೊಫೆಸರಿಗೂ ಅಕ್ಕ, ಫಿಲಿಪ್ಪೀನ್ಸಿನ ನರ್ಸಮ್ಮನಿಗೂ ಅಕ್ಕ. ಅವರು ಉಡುಪಿ ಕಡೆಯವರು, ಮನೆಮಾತು ತುಳು. ನಾನು ಉಳ್ಳಾಲದ ಬ್ಯಾರಿ ಮುಸ್ಲಿಂ ಹೆಣ್ಣು. ನಮ್ಮಿಬ್ಬರ ಮಾತು ತುಳುವಿನಲ್ಲಿ ಶುರುವಾಗಿ, ಕನ್ನಡಕ್ಕೆ ಹೊರಳಿ, ಜಗಳಕ್ಕೆ ಬಂದರೆ ಹಿಂದಿಗೆ ಹತ್ತಿ, ಕೊನೆಗೆ "ಖಲಾಸ್" ಎಂಬ ಅರಬ್ಬಿಯಲ್ಲಿ ಮುಗಿಯುತ್ತಿತ್ತು. ಫೋನು ಯಾರದ್ದೇ ಬರಲಿ, "ಹಾಂ ಭಾಯಿ, ಬೋಲೋ" ಎಂದೇ ಎತ್ತುತ್ತಿದ್ದರು. ಒಮ್ಮೆ ಡೀನ್ ಮೇಡಂ ಫೋನಿಗೂ ಹಾಗೇ ಅಂದರು. ಆ ಕಡೆಯಿಂದ ಡೀನ್, "ನಾನು ಭಾಯಿ ಅಲ್ಲ" ಎಂದರೆ, "ಪರವಾಗಿಲ್ಲ, ಬೋಲೋ" ಎಂದರಂತೆ.

ಅವರ ಮೇಜಿನ ಡ್ರಾಯರಿನಲ್ಲಿ ಸ್ಟೇಪ್ಲರ್ ಹುಡುಕಿದರೆ ಹಲಸಿನ ಹಪ್ಪಳ ಸಿಗುತ್ತಿತ್ತು. ಅಳುತ್ತಾ ಬಂದ ಹುಡುಗಿಗೆ ಮೊದಲು ಹಪ್ಪಳ, ಆಮೇಲೆ ಪ್ರಶ್ನೆ. "ತಿನ್ನು ಮಗಾ. ಕರಕುರು ಅಂತ ತಿನ್ನುವಾಗ ಅಳ್ಲಿಕ್ಕೆ ಆಗುದಿಲ್ಲ, ಬೇಕಾದ್ರೆ ನೋಡು" ಎನ್ನುತ್ತಿದ್ದರು. ನಾನು ಪ್ರಯತ್ನ ಮಾಡಿ ನೋಡಿದ್ದೇನೆ. ಹೌದು, ಆಗುವುದಿಲ್ಲ.

ಇನ್ನು ಅವರ ಜಡೆ. ಯಾ ಅಲ್ಲಾ, ಆ ಜಡೆ! ಸೊಂಟ ದಾಟಿ ಇಳಿಯುವ, ಹೆಬ್ಬೆರಳಿನಿಂದ ಕಿರುಬೆರಳಿನವರೆಗೂ ಹಿಡಿದರೆ ಮಾತ್ರ ಕೈಗೆ ಸಿಗುವ ಕಪ್ಪು ಜಡೆ. ಗ್ರೂಪ್ ಫೋಟೋ ಎಂದರೆ ಸಾಕು, ನಾವೆಲ್ಲ ಹೊಟ್ಟೆ ಒಳಗೆ ಎಳೆದುಕೊಳ್ಳುವಷ್ಟರಲ್ಲಿ ಅವರ ಜಡೆ ಹೆಗಲ ಮೇಲಿಂದ ಮುಂದೆ ಬಂದು ಕೂತಿರುತ್ತಿತ್ತು. ಕುವೈತಿಗೆ ಬಂದ ನಮ್ಮ ಹೆಂಗಸರು ಭೇಟಿಯಾದರೆ ಮೊದಲ ಮಾತು ಬಾಡಿಗೆ, ಎರಡನೆಯದು ಕೂದಲು ಉದುರುವುದು. ಎಲ್ಲದಕ್ಕೂ ಇಲ್ಲಿನ ನೀರೇ ಕಾರಣ. ನನ್ನ ತಲೆಗೆ ಹೇಗೂ ಬಟ್ಟೆಯುಂಟು, ಒಳಗಿನ ಗುಟ್ಟು ನನಗೂ ಮೇಲಿರುವವನಿಗೂ ಮಾತ್ರ ಗೊತ್ತು. ಉಳಿದವರು ಅಕ್ಕನ ಜಡೆ ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಕೇಳಿದವರಿಗೆಲ್ಲ ಅಕ್ಕ ಒಂದು ಎಣ್ಣೆ ಹೇಳಿಕೊಡುತ್ತಿದ್ದರು: ತೆಂಗಿನೆಣ್ಣೆ, ಒಂದೆಲಗ, ದಾಸವಾಳದ ಎಲೆ. ಆ ಎಣ್ಣೆ ಹಚ್ಚಿಕೊಂಡು ಪರೀಕ್ಷೆಗೆ ಓದಲು ಬಂದ ಹುಡುಗಿಯರಿಂದಾಗಿ ನನ್ನ ಎಷ್ಟೋ ಪುಸ್ತಕಗಳ ಪುಟ ಇವತ್ತಿಗೂ ಮಿರಮಿರ ಮಿಂಚುತ್ತವೆ.

ಅಕ್ಕನ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ತಲೆಬಿಸಿ ಎಂದರೆ ಸೋದರಿ ಬಳಗ. ಅಮೆರಿಕದ ಕಾಲೇಜುಗಳಲ್ಲಿ ಹುಡುಗಿಯರದೇ ಬಳಗಗಳಿರುತ್ತವಂತೆ. ಹಿರಿಯ ಹುಡುಗಿಯರು ಹೊಸಬರಲ್ಲಿ ತಮಗೆ ಬೇಕಾದವರನ್ನು ಆರಿಸಿ ತಂಗಿಯರನ್ನಾಗಿ ಮಾಡಿಕೊಳ್ಳುತ್ತಾರಂತೆ. ಅಲ್ಲಿಂದ ಬಂದ ಹಳೆಯ ಡೀನ್ ಒಬ್ಬರು ಅದನ್ನು ನಮ್ಮಲ್ಲೂ ಶುರುಮಾಡಿಸಿದ್ದರು. ವೃತ್ತದಲ್ಲಿ ನಿಂತು ಮೇಣದ ಬತ್ತಿ ಹಚ್ಚಿ ತಂಗಿಯರನ್ನು ಕರೆಯಬೇಕು. ಮೊದಲ ವರ್ಷವೇ ಆ ಹೊಗೆಗೆ ಫೈರ್ ಅಲಾರಂ ಹೊಡೆದು, ಇಡೀ ಕಾಲೇಜು ಸೆಪ್ಟೆಂಬರಿನ ಬಿಸಿಲಲ್ಲಿ ಪಾರ್ಕಿಂಗಿನಲ್ಲಿ ನಿಂತು ಬೆಂದಿತು. ಮೇಣದ ಬತ್ತಿ ಬಂದ್. ಅದರ ಬದಲಿಗೆ ಏನು ಎಂಬ ಪ್ರಶ್ನೆ ಬಂದಾಗ ಅಕ್ಕನೇ ಹೇಳಿದ್ದು: "ಮಲ್ಲಿಗೆ. ಹೊಗೆ ಇಲ್ಲ, ಪರಿಮಳ ಮಾತ್ರ."

ಹಾಗೆ ನಮ್ಮೂರ ವಿಮಾನದಲ್ಲಿ ಬರುವ ಉಡುಪಿ ಮಲ್ಲಿಗೆ ಸೋದರಿ ಬಳಗದ ಗುರುತಾಯಿತು. ಸೆಮಿಸ್ಟರಿನ ಆರಂಭದಲ್ಲಿ ಒಂದು ಗುರುವಾರ ಚಹಾಕೂಟ. ಸೇರಬೇಕೆನ್ನುವ ಹೊಸ ಹುಡುಗಿಯರು ಗೋಡೆಗುಂಟ ಕುರ್ಚಿಗಳಲ್ಲಿ ಕೂರುವುದು. ಒಬ್ಬೊಬ್ಬ ಹಿರಿಯಳೂ ಬಾಳೆಲೆಯಿಂದ ಒಂದು ತುಂಡು ಮಾಲೆ ತೆಗೆದುಕೊಂಡು ಹೋಗಿ ತಾನು ಆರಿಸಿದವಳ ಮುಡಿಗೆ ಮುಡಿಸುವುದು. ತಲೆಗೆ ಸ್ಕಾರ್ಫ್ ಹಾಕಿದವರಿಗೆ ಮಣಿಕಟ್ಟಿಗೆ ಕಟ್ಟುವುದು. ಹೂ ಸಿಕ್ಕಿದವಳು ತಂಗಿ. ಸಿಗದವಳು ಇನ್ನೊಂದು ಸಲ ಬಂದು ಕೂರಬಹುದು, ಮೂರನೆಯ ಸಲ ಇಲ್ಲ. ಆಯ್ಕೆಯಲ್ಲಿ ಸಿಬ್ಬಂದಿ ಬಾಯಿ ಹಾಕಬಾರದು ಎಂಬ ನಿಯಮವನ್ನು ಮಾಡಿದವರೂ ಅಕ್ಕನೇ. ಹೂ ಮುಡಿದವಳಿಗೆ ಹಿರಿಯರ ನೋಟ್ಸು, ಮನೆಗೆ ಹೋಗಲು ಅವರ ಕಾರಿನಲ್ಲಿ ಸೀಟು, ಕ್ಯಾಂಟೀನಿನಲ್ಲಿ ಕೂರಲು ಒಂದು ಮೇಜು. ಹದಿನೆಂಟರ ವಯಸ್ಸಿನಲ್ಲಿ ಆ ಮೇಜು ಎಂತಹ ದೊಡ್ಡ ವಿಷಯ ಎಂದು ಹೆಣ್ಣುಮಕ್ಕಳಾಗಿ ಓದಿದವರಿಗೆ ಹೇಳಬೇಕಾಗಿಲ್ಲ.

ಅಬೇನಾ ಬಂದದ್ದು ಆಮೇಲೆ. ಘಾನಾ ದೇಶದ ಹುಡುಗಿ, ತಂದೆ ತೈಲ ಕಂಪನಿಯೊಂದರಲ್ಲಿ ಇಂಜಿನಿಯರ್, ಮನೆ ಅಬು ಹಲೀಫಾದಲ್ಲಿ. ಎತ್ತರದ ಹುಡುಗಿ, ಕಡು ಕಪ್ಪು ಬಣ್ಣ, ತಲೆತುಂಬ ಸಪೂರ ಸಪೂರ ಜಡೆಗಳು. ಮಧ್ಯಾಹ್ನದ ಊಟಕ್ಕೆ ಅವಳು ಕ್ಯಾಂಟೀನಿಗೆ ಹೋಗುತ್ತಿರಲಿಲ್ಲ. ನನ್ನ ಲೈಬ್ರರಿಯ ಅಟ್ಲಾಸುಗಳ ಕಪಾಟಿನ ಹಿಂದೆ ಕೂತು, ಸದ್ದಾಗದಂತೆ ಡಬ್ಬಿ ತೆರೆದು ತಿನ್ನುತ್ತಿದ್ದಳು. ಲೈಬ್ರರಿಯಲ್ಲಿ ತಿನ್ನಬಾರದು. ಆದರೆ ಅವಳ ಡಬ್ಬಿಯ ಮೆಣಸಿನ ಪರಿಮಳ ನನ್ನ ಅಮ್ಮನ ಮೀನು ಸಾರಿನ ಹತ್ತಿರದ ನೆಂಟನಂತಿತ್ತು, ನಾನು ಮೂಗು ಮುಚ್ಚಿಕೊಂಡೆ ಎಂದಿಟ್ಟುಕೊಳ್ಳಿ. "ಕ್ಯಾಂಟೀನಿಗೆ ಯಾಕೆ ಹೋಗುವುದಿಲ್ಲ?" ಎಂದು ಕೇಳಿದ್ದಕ್ಕೆ, "ಅಲ್ಲಿ ಎಲ್ಲ ಮೇಜಿಗೂ ಯಾರೋ ಇದ್ದಾರೆ" ಎಂದಳು.

ಮೊದಲ ಚಹಾಕೂಟದ ವಾರ ಅಕ್ಕ ಊರಿನಲ್ಲಿದ್ದರು, ತಮ್ಮನ ಮಗಳ ಮದುವೆ. ಅಬೇನಾ ಹಳದಿ ಬಟ್ಟೆ ಹಾಕಿಕೊಂಡು ಹೋಗಿ ಕೂತಳು. ಹೂವೆಲ್ಲ ಮುಗಿದವು, ಅವಳಿಗೆ ಯಾರೂ ಮುಡಿಸಲಿಲ್ಲ. ಕೊನೆಯವರೆಗೂ ನಗುತ್ತಲೇ ಇದ್ದು, ಎದ್ದು ಎಲ್ಲರಿಗೂ ಥ್ಯಾಂಕ್ಸ್ ಹೇಳಿ, ನನ್ನ ಅಟ್ಲಾಸುಗಳ ಹಿಂದೆ ಬಂದು ಕೂತಳು. ಆ ದಿನ ಡಬ್ಬಿ ತೆರೆಯಲಿಲ್ಲ.

ಅಕ್ಕ ಬಂದ ಕೂಡಲೇ ಹೇಳಿದೆ. ಅವರು ಹಪ್ಪಳ ಮುರಿಯುವುದನ್ನು ನಿಲ್ಲಿಸಿದರು.

"ಯಾಕಂತೆ?"

"ಅವಳ ಕೂದಲಿಗೆ ಹೂ ನಿಲ್ಲುವುದಿಲ್ಲವಂತೆ."

"ಎಂತ? ಸ್ಕಾರ್ಫ್ ಹಾಕಿದವರಿಗೆ ಕೈಗೆ ಕಟ್ಟುದಿಲ್ವಾ?"

"ಅದನ್ನು ನನ್ನ ಹತ್ತಿರ ಕೇಳಿದರೆ? ನಿಮ್ಮ ಪ್ರಣತಿಯ ಹತ್ತಿರ ಕೇಳಿ."

ಪ್ರಣತಿ ಆ ವರ್ಷದ ಬಳಗದ ಅಧ್ಯಕ್ಷೆ. ರಿಗ್ಗೈ ಬಡಾವಣೆಯಲ್ಲಿ ಅಕ್ಕನ ಕಟ್ಟಡದಲ್ಲೇ ಇರುವ ಮಂಗಳೂರಿನವರ ಮಗಳು, ಅಕ್ಕ ಎತ್ತಿ ಆಡಿಸಿದ ಮಗು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಕ್ಕ ಲಿಫ್ಟಿನಲ್ಲಿ ಕೇಳಿದಾಗ ಅವಳು, "ಆಂಟಿ, ಇಟ್ಸ್ ನಾಟ್ ಅಬೌಟ್ ಕಲರ್" ಎಂದಳಂತೆ. ಬಣ್ಣದ ಮಾತೇ ಎತ್ತಿರದ ಅಕ್ಕನಿಗೆ ಅದನ್ನು ಕೇಳಿಯೇ ಎಲ್ಲ ತಿಳಿಯಿತು.

"ಹೂ ತಂದದ್ದು ನಾನು ಮಾರಾಯ್ತಿ," ಎಂದರು ಮರುದಿನ. "ಅಲಾರಂ ಹೊಡೀಬಾರ್ದು ಅಂತ ತಂದೆ. ಈಗ ಅದೇ ಹೂವಲ್ಲಿ ಒಬ್ಬಳನ್ನು ಹೊರಗೆ ಹಾಕ್ತಾರೆ ಅಂದ್ರೆ ನನ್ನ ಮಂಡೆಗೆ ಹೊಳೆದದ್ದು ಎಂತ ಉಪಾಯ ಇದು?" ಆಮೇಲೆ, "ನಿನಗೆ ಗೊತ್ತುಂಟಾ, ನನ್ನನ್ನು ನೋಡ್ಲಿಕ್ಕೆ ಬಂದ ಮೊದಲನೇ ಗಂಡು ಹುಡುಗಿ ಕಪ್ಪು ಅಂತ ಹೇಳಿ ಅಂಬಡೆ ತಿಂದು ಎದ್ದು ಹೋದ. ನಮ್ಮವರು ಒಪ್ಪಿದ್ದು ಜಡೆ ನೋಡಿ. ಕಪ್ಪು ಮಂಡೆಯಲ್ಲಿದ್ರೆ ಚಂದ ಅಂತೆ, ಮುಖದಲ್ಲಿದ್ರೆ ಆಗುದಿಲ್ವಂತೆ" ಎಂದು ನಕ್ಕರು. ಆ ನಗು ಮಾತ್ರ ಲೈಬ್ರರಿಯವರೆಗೆ ಬರುವ ಜಾತಿಯದ್ದಾಗಿರಲಿಲ್ಲ.

ನಿಯಮದ ಪ್ರಕಾರ ಅವರು ಬಾಯಿ ಹಾಕುವ ಹಾಗಿಲ್ಲ. ಹಾಗಾಗಿ ಕೈ ಹಾಕಿದರು. ಅಂತರರಾಷ್ಟ್ರೀಯ ತಿಂಡಿ ದಿನ ಎಂದು ಒಂದನ್ನು ಹುಟ್ಟುಹಾಕಿ ಅಬೇನಾಳ ಅಮ್ಮನಿಂದ ಅನ್ನದ ಅಡುಗೆ ಮಾಡಿಸಿದರು. ಬಳಗದವರು ಸಾಲಿನಲ್ಲಿ ನಿಂತು ಎರಡೆರಡು ಸಲ ಬಡಿಸಿಕೊಂಡು, ಬೆರಳು ನೆಕ್ಕಿ, ಹೋದರು. ಕಾಲೇಜಿನ ನಾಟಕದಲ್ಲಿ ಅವಳಿಗೂ ಪ್ರಣತಿಗೂ ಜೊತೆಪಾತ್ರ ಕೊಡಿಸಿದರು. ನಾಟಕ ಮುಗಿಯಿತು, ಜೊತೆಯೂ ಮುಗಿಯಿತು. ಪ್ರಣತಿ ಕೆಟ್ಟವಳೇನಲ್ಲ. ಅಬೇನಾ ಎದುರು ಸಿಕ್ಕರೆ ಹಾಯ್ ಎನ್ನುತ್ತಿದ್ದಳು, ಪೆನ್ನು ಕೇಳಿದರೆ ಕೊಡುತ್ತಿದ್ದಳು. ಪಕ್ಕದ ಕುರ್ಚಿ ಮಾತ್ರ ಕೊಡುತ್ತಿರಲಿಲ್ಲ. "ಈ ಮಕ್ಕಳಿಗೆ ಬೈಯ್ಲಿಕ್ಕೂ ಜಾಗ ಸಿಗುದಿಲ್ಲ ಮಾರಾಯ್ತಿ, ಅಷ್ಟು ಸಭ್ಯರು" ಎಂದು ಅಕ್ಕ ಹಲ್ಲು ಕಡಿದರು.

ಮುಂದಿನ ಸೆಮಿಸ್ಟರಿನ ಗುರುವಾರ ಬಂತು. ಅಬೇನಾಳಿಗೆ ಅದೇ ಕೊನೆಯ ಅವಕಾಶ. ಬರುವುದಿಲ್ಲ ಎನ್ನುತ್ತಿದ್ದವಳನ್ನು ಅಕ್ಕನೇ ಒತ್ತಾಯ ಮಾಡಿ ಕೂರಿಸಿದ್ದರು. ಚಹಾ ಬಗ್ಗಿಸಿ ಕೊಡಲು ನಾನೂ ಇದ್ದೆ. ಅಕ್ಕ ರೇಷ್ಮೆ ಸೀರೆ ಉಟ್ಟು, ಆ ಪ್ರಸಿದ್ಧ ಜಡೆಗೆ ಮೇಲಿಂದ ಕೆಳಗಿನವರೆಗೆ ಮಲ್ಲಿಗೆ ಸುತ್ತಿಕೊಂಡು ಮದುಮಗಳ ಚಿಕ್ಕಮ್ಮನ ಹಾಗೆ ಓಡಾಡುತ್ತಿದ್ದರು. ಹಿರಿಯ ಹುಡುಗಿಯರು ಒಬ್ಬೊಬ್ಬರಾಗಿ ಹೂ ತೆಗೆದುಕೊಂಡು ಹೋದರು. ಗೋಡೆಗುಂಟ ನಗು, ಅಪ್ಪುಗೆ, ಫೋಟೋ. ಕೊನೆಗೆ ಎಲೆಯ ಮೇಲೆ ಒಂದು ತುಂಡು ಮಾಲೆ ಉಳಿಯಿತು, ಕುರ್ಚಿಯ ಮೇಲೆ ಅಬೇನಾ ಉಳಿದಳು. ಯಾರೂ ಏಳಲಿಲ್ಲ. ಅವಳು ಮತ್ತೆ ಆ ನಗು ಹಾಕಿಕೊಂಡು ಬ್ಯಾಗು ಎತ್ತಿಕೊಂಡಳು.

"ಕೂತ್ಕೋ ಮಗಾ," ಎಂದರು ಅಕ್ಕ. ಆಮೇಲೆ ಪ್ರಣತಿಯ ಕಡೆ ತಿರುಗಿ, ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ, "ಒಂದು ಹೂ ಉಳಿದಿದೆಯಲ್ಲ, ಯಾಕೆ?" ಎಂದು ಕೇಳಿದರು.

ಪ್ರಣತಿ ಕೆಂಪಾದಳು. "ಆಂಟಿ, ಪ್ರಾಕ್ಟಿಕಲಿ... ಆ ಕೂದಲಿಗೆ ಹೂ ನಿಲ್ಲುವುದಿಲ್ಲ. ನಿಮ್ಮ ಹಾಗಿನ ಕೂದಲು ಬೇಕು," ಎಂದಳು ಇಂಗ್ಲಿಷಿನಲ್ಲೇ.

"ನನ್ನ ಹಾಗಿನ?"

"ಹೌದು. ರಿಯಲ್ ಹೇರ್."

ಅಕ್ಕ ಒಂದು ಕುರ್ಚಿ ಎಳೆದು ನಡುವೆ ಕೂತರು. ಕೈ ಹಿಂದೆ ಹಾಕಿ ಒಂದೊಂದೇ ಪಿನ್ನು ತೆಗೆದು ತುಟಿಯಲ್ಲಿ ಕಚ್ಚಿಕೊಂಡರು. ತಲೆನೋವಿರಬೇಕು, ಜಡೆ ಸಡಿಲ ಮಾಡಿಕೊಳ್ಳುತ್ತಾರೆ ಎಂದೇ ನಾನು ತಿಳಿದೆ. ಆಮೇಲೆ ಅವರು ಜಡೆಯನ್ನು ಹಿಡಿದು ಒಮ್ಮೆ ಎಳೆದರು. ಅಷ್ಟುದ್ದದ ಜಡೆ, ಮಲ್ಲಿಗೆಯ ಸಮೇತ, ಅವರ ಕೈಗೆ ಬಂತು! ಒಬ್ಬಳು ಕಿಟಾರನೆ ಕಿರುಚಿದಳು. ನನ್ನ ಕೈಯ ಕಪ್ಪಿನಿಂದ ಚಹಾ ಚೆಲ್ಲಿತು. ಅಕ್ಕನ ತಲೆಯ ಹಿಂದೆ ಉಳಿದದ್ದು ಕೊತ್ತಂಬರಿ ಕಟ್ಟಿನ ಬುಡದಷ್ಟು ಕೂದಲು.

ಅದು ಚೌರಿ. ನಮ್ಮ ಕಡೆ ಮದುಮಗಳಿಗೆ ಸೇರಿಸಿ ಹೆಣೆಯುವ, ಅಂಗಡಿಯಲ್ಲಿ ಸಿಗುವ ಕೂದಲು. ಇಲ್ಲಿನ ನೀರು ಅಕ್ಕನನ್ನೂ ಬಿಟ್ಟಿರಲಿಲ್ಲ. ಗಂಡ ಒಪ್ಪಿದ ಆ ಜಡೆ ಯಾವತ್ತೋ ಉದುರಿಹೋಗಿತ್ತು. ವರ್ಷಗಟ್ಟಲೆ ಪಕ್ಕದಲ್ಲಿ ಕೂತು ಉಂಡ ನನಗೂ ತಿಳಿಯದ ಹಾಗೆ ಅವರು ಆ ಗುಟ್ಟನ್ನು ಹೊತ್ತು ತಿರುಗಿದ್ದರು.

ಪಿನ್ನುಗಳನ್ನು ಬಾಯಿಯಿಂದ ತೆಗೆದು ಅಕ್ಕ ಜಡೆಯನ್ನು ಬಾಳೆಲೆಯ ಮೇಲಿಟ್ಟರು. "ಹೂ ನಿಲ್ಲುವ ರಿಯಲ್ ಹೇರ್ ಇದೇ. ಉಡುಪಿಯ ಫ್ಯಾನ್ಸಿ ಸ್ಟೋರಿನದ್ದು. ಈಗ ನನಗೂ ಈ ಕೋಣೆಯಲ್ಲಿ ಜಾಗ ಇಲ್ಲವಾ ಮಗಾ?" ಎಂದರು. ಫೋಟೋಕ್ಕೆ ಜಡೆ ಮುಂದೆ ತರುತ್ತಿದ್ದ ಹೆಂಗಸು, ಹುಡುಗಿಯರ ಎದುರು ಆ ಪುಟ್ಟ ತಲೆ ಎತ್ತಿ ಕೂತದ್ದನ್ನು ನೋಡಿ ನನಗೆ ಅಳು ತಡೆಯಲಾಗಲಿಲ್ಲ.

ಮೊದಲು ನಕ್ಕವಳು ಅಬೇನಾ. "ಮೇಡಂ, ನನಗೆ ಮೊದಲ ದಿನವೇ ಗೊತ್ತಿತ್ತು," ಎಂದಳು. "ನನ್ನದೂ ಸೇರಿಸಿ ಹೆಣೆದದ್ದೇ. ಅಮ್ಮ ಹೆಣೆಯುತ್ತಾಳೆ. ನಿಮ್ಮದರ ಗಂಟು ಯಾವಾಗಲೂ ಸ್ವಲ್ಪ ಜಾರಿರುತ್ತದೆ."

"ಅಯ್ಯೋ! ಗೊತ್ತಿದ್ದೂ ಹೇಳಲಿಲ್ಲವಾ?"

"ಅದನ್ನು ಯಾರಾದರೂ ಎಲ್ಲರೆದುರು ಹೇಳುತ್ತಾರಾ?" ಎಂದಳು ಅವಳು.

ಆಗ ದಾನಾ ಎಂಬ ಕುವೈತಿ ಹುಡುಗಿ, ಹಿರಿಯರಲ್ಲೇ ಮಾತು ಕಡಿಮೆಯವಳು, ಎದ್ದು ಉಳಿದ ಮಾಲೆ ತೆಗೆದುಕೊಂಡು ಅಬೇನಾಳ ಮುಂದೆ ನಿಂತಳು. "ಹೇಗೆ ಮುಡಿಸಬೇಕು, ನೀನೇ ಹೇಳಿಕೊಡು" ಎಂದಳು. ಅಬೇನಾ ತಲೆ ಬಗ್ಗಿಸಿ, ಯಾವ ಜಡೆಯ ಸಂದಿನಲ್ಲಿ ದಾರ ತೂರಿಸಿ ಯಾವುದರ ಕೆಳಗೆ ಎಳೆಯಬೇಕೆಂದು ಬೆರಳಿನಲ್ಲಿ ತೋರಿಸಿದಳು. ಒಂದೇ ಒಂದು ಪಿನ್ನು ಬೇಕಾಗಲಿಲ್ಲ. ಶಾಂಪೂ ಹಾಕಿ ಇಸ್ತ್ರಿ ಮಾಡಿದ ಕೂದಲಿನ ಹುಡುಗಿಯರ ಹೂವೆಲ್ಲ ಆಗಲೇ ಜಾರಿ ಹೆಗಲಿಗೆ ಬಂದಿತ್ತು. ಅಬೇನಾಳದ್ದು ನೆಟ್ಟ ಹಾಗೆ ನಿಂತಿತು.

"ಆಂಟಿ, ಹಾಗಾದ್ರೆ ಆ ಎಣ್ಣೆ?" ಎಂದು ಒಂದು ಮೂಲೆಯಿಂದ ಯಾರೋ ಕೇಳಿದರು.

"ಎಣ್ಣೆ ಒಳ್ಳೇದೇ. ನನಗೊಬ್ಬಳಿಗೆ ಹಿಡಿಸಲಿಲ್ಲ, ಅಷ್ಟೇ" ಎಂದರು ಅಕ್ಕ. ಆ ನಗು ಲೈಬ್ರರಿ ದಾಟಿ ಪಾರ್ಕಿಂಗಿನವರೆಗೂ ಹೋಗಿರಬೇಕು.

ಪ್ರಣತಿ ನಗಲಿಲ್ಲ. ಬ್ಯಾಗು ಹಿಡಿದು ಹೊರಟುಹೋದಳು. ಮಗಳಿಗೆ ಎಲ್ಲರೆದುರು ಅವಮಾನವಾಯಿತೆಂದು ಅವಳ ಅಮ್ಮ ಡೀನ್‌ಗೆ ಫೋನು ಮಾಡಿದರು. ಡೀನ್ ಅಕ್ಕನನ್ನು ಕರೆದು, ಸಿಬ್ಬಂದಿ ಆಯ್ಕೆಯಲ್ಲಿ ಬಾಯಿ ಹಾಕಬಾರದೆಂಬ ನಿಯಮ ನೆನಪಿಸಿದರೆ, "ನಾನು ಆರಿಸಿಲ್ಲ ಮೇಡಂ. ನನ್ನ ಕೂದಲು ನಾನು ತೆಗೆದೆ. ಅದಕ್ಕೆ ನಿಯಮ ಉಂಟಾ?" ಎಂದು ಕೇಳಿ ಬಂದರು. ಡೀನ್ ನಕ್ಕರೋ ಇಲ್ಲವೋ ತಿಳಿಯದು. ಮುಂದಿನ ಸಲದಿಂದ ಆರಿಸುವ ಪದ್ಧತಿಯೇ ಹೋಯಿತು. ಬಾಗಿಲಲ್ಲೇ ಹೂ, ಬಂದವರಿಗೆಲ್ಲ ಹೂ, ಆಮೇಲೆ ಚಹಾ. ಅಟ್ಲಾಸುಗಳ ಹಿಂದಿನ ಜಾಗ ಖಾಲಿಯಾಯಿತು. ನನಗೆ ಆ ಮೆಣಸಿನ ಪರಿಮಳ ತಪ್ಪಿದ ಬೇಸರವೂ ಇತ್ತು, ಸುಳ್ಳು ಯಾಕೆ ಹೇಳಲಿ.

ರಿಗ್ಗೈಯ ಲಿಫ್ಟಿನಲ್ಲಿ ಮಾತ್ರ ಬಹಳ ದಿನ ಮಾತಿಲ್ಲ. ಅಕ್ಕ ಗೋಳಿಬಜೆ ಮಾಡಿದಾಗಲೆಲ್ಲ ಪ್ರಣತಿಯ ಮನೆಗೆ ಒಂದು ತಟ್ಟೆ ಕಳಿಸಿದರು. ತಟ್ಟೆ ತೊಳೆದು ಖಾಲಿ ಬರುತ್ತಿತ್ತು. ನಮ್ಮ ಕಡೆ ಖಾಲಿ ತಟ್ಟೆ ವಾಪಸು ಬಂದರೆ ಏನರ್ಥವೆಂದು ಅಕ್ಕನಿಗೆ ಗೊತ್ತಿಲ್ಲದ್ದಲ್ಲ. ಮತ್ತೂ ಕಳಿಸಿದರು. ಒಂದು ಶುಕ್ರವಾರ ಆ ತಟ್ಟೆಯಲ್ಲಿ ಚಕ್ಕುಲಿ ಬಂತು. ತಂದುಕೊಟ್ಟವಳು ಪ್ರಣತಿ. ಸೋಫಾದ ತುದಿಯಲ್ಲಿ ಕೂತು, ಅರ್ಧ ಚಕ್ಕುಲಿ ತಾನೇ ತಿಂದು ಹೋದಳಂತೆ.

ಹೋದ ತಿಂಗಳು ಅಕ್ಕ ಊರಿಗೆ ಹೊರಡುವ ದಿನ ನಾನು ಬೆಳಿಗ್ಗೆಯೇ ಅವರ ಫ್ಲ್ಯಾಟಿಗೆ ಹೋದೆ. ಸಾಮಾನೆಲ್ಲ ಹೋಗಿ ಒಂದು ಕುರ್ಚಿ ಉಳಿದಿತ್ತು. ಅದರ ಮೇಲೆ ಅಕ್ಕ, ಹಿಂದೆ ನಿಂತು ಅಬೇನಾ. ಓದು ಮುಗಿಸಿ ಈಗ ಕೆಲಸದಲ್ಲಿರುವವಳು, ರಜೆ ಹಾಕಿ ಬಂದಿದ್ದಳು. ಅಕ್ಕನ ಉಳಿದ ಕೂದಲನ್ನು ಸಾಲುಸಾಲಾಗಿ ಬುಡಕ್ಕೆ ಹತ್ತಿಸಿ ಹೆಣೆದು, ಅದರೊಳಗೆ ಚೌರಿಯ ಎಳೆಗಳನ್ನು ಸೇರಿಸುತ್ತಿದ್ದಳು. ನೆಲದ ಮೇಲೆ ಕೂತು ಎಳೆ ಬಿಡಿಸಿ ಬಿಡಿಸಿ ಕೊಡುತ್ತಿದ್ದವಳು ಪ್ರಣತಿ.

"ಅಯ್ಯಯ್ಯೋ, ಮಂಡೆ ಕಿತ್ತು ಬರ್ತದೆ!" ಎಂದು ಅಕ್ಕ ಕೂಗಿದರು.

"ಬಿಗಿಯಾಗಿರಬೇಕು ಮೇಡಂ. ಯಲ್ಲಾ, ಅಲುಗಾಡಬೇಡಿ" ಎಂದು ಅಬೇನಾ ಅರಬ್ಬಿ ಬೆರೆಸಿ ಗದರಿದಳು.

ಪ್ರಣತಿ ತಲೆಯೆತ್ತಿ, ತಡವರಿಸುತ್ತಾ, "ಆಂಟಿ, ತುಂಬಾ ನೋವಾಗ್ತದಾ?" ಎಂದಳು. ಕನ್ನಡದಲ್ಲಿ. ಅಕ್ಕ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಬಾಯಿಬಿಟ್ಟು ಹೇಳಿದ್ದರೆ ಹುಡುಗಿ ಮತ್ತೆ ಇಂಗ್ಲಿಷಿಗೆ ಓಡುತ್ತಿದ್ದಳು.

ಕೊನೆಗೆ ಹೂ. ದಾರವನ್ನು ಜಡೆಯಿಂದ ಜಡೆಗೆ ತೂರಿಸಿ ಮುಡಿಸಿದ್ದು ಪ್ರಣತಿ, ಹೇಳಿಕೊಟ್ಟದ್ದು ಅಬೇನಾ. ಕನ್ನಡಿಯಲ್ಲಿ ನೋಡಿಕೊಂಡ ಅಕ್ಕ, "ಅಲ್ಲ ಮಾರಾಯ್ತಿ, ಇಷ್ಟು ವರ್ಷ ಇದು ಗೊತ್ತಿದ್ದಿದ್ರೆ ಆ ಪಿನ್ನಿನ ಕಾಟ ತಪ್ಪುತ್ತಿತ್ತಲ್ಲ" ಎಂದು ಕಣ್ಣೊರೆಸಿಕೊಂಡರು. ನಾನು ಅವರನ್ನು ಅಪ್ಪಿಕೊಳ್ಳಹೋದರೆ, "ಮಂಡೆ ಮುಟ್ಟಬೇಡ!" ಎಂದು ದೂರ ತಳ್ಳಿದರು. ವಿಮಾನ ನಿಲ್ದಾಣದಲ್ಲಿ ತಿರುಗಿ ತಿರುಗಿ ಕೈಬೀಸುತ್ತಾ ಹೋದ ಆ ತಲೆ ಜನಜಂಗುಳಿಯಲ್ಲೂ ಬಹಳ ದೂರದವರೆಗೆ ಕಾಣಿಸುತ್ತಿತ್ತು.

ಮರುದಿನ ವಾಟ್ಸಪ್ಪಿನಲ್ಲಿ ಅವರ ಧ್ವನಿ ಬಂತು. ಲೈಬ್ರರಿಯೆಂಬುದನ್ನೂ ಮರೆತು ಜೋರಾಗಿಯೇ ಹಾಕಿದೆ, ಹುಡುಗಿಯರೆಲ್ಲ ತಲೆಯೆತ್ತಿದರು.

"ಹಾಂ ಭಾಯಿ, ಮುಟ್ಟಿದೆ. ಮಂಗಳೂರು ಏರ್‌ಪೋರ್ಟಲ್ಲಿ ನಾದಿನಿ ನನ್ನ ಗುರುತೇ ಹಿಡೀಲಿಲ್ಲ ಮಾರಾಯ್ತಿ! ಇದೆಂತ ಮಂಡೆ ಅತ್ತಿಗೆ, ಯಾರು ಕಟ್ಟಿದ್ದು ಅಂತ ಕೇಳಿದ್ಳು. ತಂಗಿಯರು ಅಂದೆ. ನಿಮಗೆ ತಂಗಿಯರು ಎಲ್ಲಿಂದ ಅಂದ್ಳು. ಒಬ್ಬಳು ಘಾನಾದವಳು, ಒಬ್ಬಳು ರಿಗ್ಗೈಯವಳು ಅಂದೆ. ಬಾಯಿ ಬಿಟ್ಟು ನೋಡ್ತಾ ನಿಂತ್ಳು. ಅಬೇನಾಗೆ ಹೇಳು, ಪ್ರಣತಿಗೂ ಹೇಳು: ಎರಡು ವಿಮಾನ ಹತ್ತಿ ಇಳಿದೆ, ಒಂದು ಮೊಗ್ಗೂ ಬೀಳಲಿಲ್ಲ."